ಉಪ್ಪುಗಾಳಿಯ ಊರಿನಲ್ಲಿ ಮೂರು ಸಾವಿರದ ಕೀಬೋರ್ಡ್

ನಾನು ಕೊಂಡ ಮೊದಲ ಮೆಕ್ಯಾನಿಕಲ್ ಕೀಬೋರ್ಡ್ ತನ್ನ ಎರಡನೆಯ ಮಳೆಗಾಲವನ್ನು ದಾಟಲಿಲ್ಲ. ಆಗ ಕಾರವಾರದ ಕೋಡಿಬಾಗದಲ್ಲಿ ಬಾಡಿಗೆ ಕೋಣೆ. ಕಿಟಕಿ ತೆರೆದರೆ ಕಾಳಿ ನದಿ ಸಮುದ್ರ ಸೇರುವ ಕಡೆಯಿಂದ ಗಾಳಿ ನೇರವಾಗಿ ಮೇಜಿನ ಮೇಲೆ ಬೀಸುತ್ತಿತ್ತು. ಜುಲೈ ತಿಂಗಳ ಒಂದು ಬೆಳಿಗ್ಗೆ ‘ಅರ್ಜಿದಾರರು’ ಎಂದು ಹೊಡೆದರೆ ಪರದೆಯ ಮೇಲೆ ‘ಅರ್ಜಿದಾರರರು’ ಎಂದು ಬಂತು. ಒಮ್ಮೆ ಒತ್ತಿದ ಕೀಲಿ ಎರಡು ಬಾರಿ ಅಕ್ಷರ ಬೀಳಿಸುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಇನ್ನೂ ಮೂರು ಕೀಲಿಗಳಿಗೆ ಅದೇ ರೋಗ ಅಂಟಿತು. ಸ್ವಿಚ್‌ಗಳನ್ನು ಬೋರ್ಡಿಗೆ ಬೆಸುಗೆ ಹಾಕಿದ್ದರಿಂದ ಬದಲಿಸುವ ದಾರಿ ನನಗೆ ಗೊತ್ತಿರಲಿಲ್ಲ. ಬಣ್ಣಬಣ್ಣದ ದೀಪಗಳು ಮಾತ್ರ ಕೊನೆಯವರೆಗೂ ಚೆನ್ನಾಗಿ ಉರಿಯುತ್ತಿದ್ದವು.

ಈಗ ಶಿರಸಿಯ ಹತ್ತಿರದ ಊರಿಗೆ ಮರಳಿ, ಮನೆಯಲ್ಲೇ ಕುಳಿತು ಲಗ್ನಪತ್ರಿಕೆ, ಸಹಕಾರ ಸಂಘದ ವಾರ್ಷಿಕ ವರದಿ, ಒಮ್ಮೊಮ್ಮೆ ಯಾರದಾದರೂ ಪ್ರಬಂಧವನ್ನು ಟೈಪ್ ಮಾಡುತ್ತೇನೆ. ‘ಕಡಿಮೆ ದುಡ್ಡಿನಲ್ಲಿ ಯಾವ ಕೀಬೋರ್ಡ್ ಕೊಳ್ಳಲಿ’ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು: ನಮ್ಮ ಜಿಲ್ಲೆಯಲ್ಲಿ ಬಿಚ್ಚಲು ಬರುವ ಕೀಬೋರ್ಡ್ ಕೊಳ್ಳಿ. ಉಳಿದದ್ದನ್ನು ಒಂದೊಂದಾಗಿ ಹೇಳುತ್ತೇನೆ.

ಹತ್ತು ರೂಪಾಯಿಯ ನಾಣ್ಯಗಳಿಂದ ಆರಂಭಿಸಿ

ಕೊಳ್ಳುವ ಮೊದಲು ನಿಮ್ಮ ಬೆರಳಿಗೆ ಎಷ್ಟು ಭಾರ ಹಿತ ಎಂಬುದು ಗೊತ್ತಾಗಬೇಕು. ಸಾಮಾನ್ಯ ಕೀಬೋರ್ಡಿನಲ್ಲಿ ಪ್ರತಿ ಕೀಲಿಯ ಕೆಳಗೆ ರಬ್ಬರಿನ ಪುಟ್ಟ ಗುಮ್ಮಟ ಇರುತ್ತದೆ. ಅದು ಪೂರ್ತಿ ಕುಸಿದು ತಳ ಮುಟ್ಟಿದಾಗಲೇ ಅಕ್ಷರ ಬೀಳುವುದು. ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಪ್ರತಿ ಕೀಲಿಗೂ ಅದರದೇ ಸ್ವಿಚ್: ಒಂದು ಸ್ಪ್ರಿಂಗ್, ಮೇಲೆ ಕೆಳಗೆ ಜಾರುವ ಪ್ಲಾಸ್ಟಿಕ್ ಗೂಟ, ಲೋಹದ ಎರಡು ತೆಳು ಎಲೆಗಳು. ಗೂಟ ಕೆಳಗಿಳಿಯುತ್ತಿದ್ದಂತೆ ಎಲೆಗಳು ಒಂದಕ್ಕೊಂದು ತಾಗಿ ಸರ್ಕ್ಯೂಟ್ ಕೂಡುತ್ತದೆ. ಕೀಲಿಯ ಒಟ್ಟು ಓಟ ಸಾಮಾನ್ಯವಾಗಿ 4 ಮಿಲಿಮೀಟರ್. ಅಕ್ಷರ ಬೀಳುವುದು ಸುಮಾರು 2 ಮಿಲಿಮೀಟರಿಗೇ. ತಳದವರೆಗೆ ಕುಟ್ಟಬೇಕಾಗಿಲ್ಲ. ದಿನಕ್ಕೆ ಇಪ್ಪತ್ತು ಪುಟ ಹೊಡೆಯುವವರ ಬೆರಳ ಗೆಣ್ಣುಗಳಿಗೆ ಈ ವ್ಯತ್ಯಾಸ ಸಂಜೆಯ ಹೊತ್ತಿಗೆ ತಿಳಿಯುತ್ತದೆ.

ಸ್ವಿಚ್‌ನ ಭಾರವನ್ನು ಗ್ರಾಂ ಲೆಕ್ಕದಲ್ಲಿ ಬರೆದಿರುತ್ತಾರೆ, ಆದರೆ 45 ಗ್ರಾಂ ಎಂದರೆ ಬೆರಳಿಗೆ ಏನು ಅರ್ಥವಾದೀತು? ಹತ್ತು ರೂಪಾಯಿಯ ನಾಣ್ಯ ಒಂದಕ್ಕೆ 7.7 ಗ್ರಾಂ ತೂಕ. ಅಂಗಡಿಯವರು ಬೇಡವೆಂದು ವಾಪಸು ಕೊಟ್ಟು ಮನೆಯ ಡಬ್ಬಿಯಲ್ಲಿ ಉಳಿದವು ಇದ್ದೇ ಇರುತ್ತವೆ. ಈಗಿರುವ ಕೀಬೋರ್ಡಿನ ಒಂದು ಕೀಲಿಯ ಮೇಲೆ ಅವನ್ನು ಒಂದೊಂದಾಗಿ ಪೇರಿಸಿ. ವಾಲದಂತೆ ಪಕ್ಕದಲ್ಲಿ ಬೆರಳು ಹಿಡಿಯಿರಿ. ಎಷ್ಟನೆಯ ನಾಣ್ಯಕ್ಕೆ ಪರದೆಯ ಮೇಲೆ ಅಕ್ಷರ ಬೀಳುತ್ತದೆ ಎಂದು ಎಣಿಸಿ. ಆರು ನಾಣ್ಯವೆಂದರೆ ಸುಮಾರು 46 ಗ್ರಾಂ, ಎಂಟು ಎಂದರೆ 62. ನನ್ನ ಹಳೆಯ ರಬ್ಬರ್ ಕೀಬೋರ್ಡ್ ಒಂಬತ್ತನೆಯ ನಾಣ್ಯದವರೆಗೂ ಜಗ್ಗಲಿಲ್ಲ. ಈಗಿನ ಕೀಬೋರ್ಡಿನ ಭಾರ ಹಿತವಾಗಿದ್ದರೆ ಅದರ ಆಸುಪಾಸಿನ ಸ್ವಿಚ್, ದಣಿವಾಗುತ್ತಿದ್ದರೆ ಒಂದೆರಡು ನಾಣ್ಯ ಹಗುರದ್ದು. ಪ್ರಯೋಗಾಲಯದ ಅಳತೆಯೇನೂ ಅಲ್ಲ. ಆದರೂ ಜಾಹೀರಾತಿನ ಮಾತಿಗಿಂತ ಇದನ್ನು ನಂಬಬಹುದು.

ಕೆಂಪು, ಕಂದು, ನೀಲಿ

ಸ್ವಿಚ್‌ಗಳನ್ನು ಗೂಟದ ಬಣ್ಣದಿಂದ ಕರೆಯುವ ರೂಢಿ ಜರ್ಮನಿಯ ಚೆರ್ರಿ ಕಂಪನಿಯ ಎಂಎಕ್ಸ್ ಸ್ವಿಚ್‌ಗಳಿಂದ ಬಂದದ್ದು. ಅವುಗಳ ಪೇಟೆಂಟ್ ಅವಧಿ ಮುಗಿದ ಮೇಲೆ ಚೀನಾದ ಗೇಟೆರಾನ್, ಕೈಲ್, ಔಟೆಮು ಮುಂತಾದವರು ಅದೇ ಅಳತೆಯ ಸ್ವಿಚ್ ಮಾಡತೊಡಗಿದರು. ನಮ್ಮ ಜೇಬಿಗೆ ಈ ಕೀಬೋರ್ಡುಗಳು ಎಟುಕುವಂತಾದದ್ದು ಹಾಗೆ. ಅಗ್ಗದ್ದು ಎಂದ ಮಾತ್ರಕ್ಕೆ ಇವು ಕಳಪೆಯಲ್ಲ. ನಾನು ಈಗ ಬಳಸುತ್ತಿರುವುದೂ ಇಂಥವನ್ನೇ.

ಕೆಂಪು ಸ್ವಿಚ್ ಸುಮಾರು 45 ಗ್ರಾಂನದು; ತಡೆಯಿಲ್ಲದೆ ನೇರವಾಗಿ ಇಳಿಯುತ್ತದೆ. ಕಂದು ಬಣ್ಣದ್ದರಲ್ಲಿ ನಡುವೆ ಒಂದು ಸಣ್ಣ ಉಬ್ಬು ಬೆರಳಿಗೆ ತಾಗುತ್ತದೆ, ಅಕ್ಷರ ಬಿತ್ತೆಂದು ಕೈಗೆ ತಿಳಿಯುತ್ತದೆ. ನೀಲಿಯದು ಸ್ವಲ್ಪ ಬಿಗಿ, ಮೇಲಾಗಿ ಪ್ರತಿ ಸಲವೂ ಟಿಕ್ಕೆಂದು ಸದ್ದು ಮಾಡುತ್ತದೆ. ನೀಲಿಯ ಬಗ್ಗೆ ಎಚ್ಚರವಿರಲಿ. ಅಂಗಡಿಯಲ್ಲಿ ಐದು ನಿಮಿಷ ಒತ್ತಿದಾಗ ಹಬ್ಬದಂತೆ ಅನಿಸುತ್ತದೆ, ಮನೆಗೆ ತಂದ ಮೇಲೆ ಅದರ ನಿಜ ತಿಳಿಯುವುದು. ಮರದ ಅಟ್ಟ, ಹಂಚಿನ ಮಾಡು ಇರುವ ನಮ್ಮ ಮನೆಗಳಲ್ಲಿ ಒಂದು ಕೋಣೆಯ ಸದ್ದು ಇನ್ನೊಂದಕ್ಕೆ ಹಾಯುತ್ತದೆ. ನಾನು ನೀಲಿ ಸ್ವಿಚ್‌ನಲ್ಲಿ ರಾತ್ರಿ ಹನ್ನೊಂದರವರೆಗೆ ಕೆಲಸ ಮಾಡಿದ ಮಾರನೆಯ ದಿನ ಆಯಿ ಕೇಳಿದ್ದು, ‘ರಾತ್ರಿಯೆಲ್ಲ ಕೂತು ಅಡಿಕೆ ಸುಲಿದೆಯಾ?’ ಎಂದು.

ಹೊಸಬರಿಗೆ ನನ್ನ ಸಲಹೆ ಕಂದು ಅಥವಾ ಕೆಂಪು. ಯಾವುದೆಂದು ನಿರ್ಧರಿಸಲಾಗದಿದ್ದರೆ ಕೆಲವು ನೂರು ರೂಪಾಯಿಗೆ ನಾಲ್ಕೋ ಒಂಬತ್ತೋ ಸ್ವಿಚ್‌ಗಳನ್ನು ಜೋಡಿಸಿದ ಪುಟ್ಟ ಹಲಗೆ ಸಿಗುತ್ತದೆ, ಸ್ವಿಚ್ ಟೆಸ್ಟರ್ ಎಂದು ಕರೆಯುತ್ತಾರೆ. ನಾಲ್ಕು ಜನ ಸೇರಿ ಒಂದನ್ನು ತರಿಸಿಕೊಳ್ಳಿ. ನಮ್ಮಲ್ಲಿ ಒಂದು ಟೆಸ್ಟರ್ ಶಿರಸಿಯಿಂದ ಹೊರಟು ಕುಮಟಾ, ಹೊನ್ನಾವರ ಸುತ್ತಿ ಮರಳಿ ಬಂದಿದೆ. ಒಂದು ಸ್ವಿಚ್ ದಾರಿಯಲ್ಲಿ ಕಾಣೆಯಾಗಿತ್ತು, ಅದಿರಲಿ.

ಕನ್ನಡ ಹೊಡೆಯುವ ಕೈಗೆ ಬೇರೆಯ ಲೆಕ್ಕ

ಕೀಬೋರ್ಡ್ ಕುರಿತ ಹೆಚ್ಚಿನ ಸಲಹೆಗಳು ಇಂಗ್ಲಿಷ್ ಹೊಡೆಯುವವರಿಗಾಗಿ ಇರುವಂಥವು. ನಮ್ಮ ಬೆರಳು ಓಡಾಡುವ ದಾರಿಯೇ ಬೇರೆ.

ನುಡಿ ತಂತ್ರಾಂಶದಲ್ಲಿರುವ, ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆಯನ್ನೇ ನೋಡಿ. ಒತ್ತಕ್ಷರ ಬರಬೇಕಾದರೆ ನಡುವೆ ಎಫ್ ಕೀಲಿ ಒತ್ತಬೇಕು. ‘ಅಕ್ಕ’ ಎಂಬುದಕ್ಕೆ ಎ, ಕೆ, ಎಫ್, ಕೆ. ದೀರ್ಘ, ಮಹಾಪ್ರಾಣ, ಸೊನ್ನೆ, ಣ, ಳ, ಶ ಇವಕ್ಕೆಲ್ಲ ಶಿಫ್ಟ್ ಬೇಕು. ‘ಕಾಳಿ’ ಎಂಬ ಎರಡಕ್ಷರದ ನದಿಗೆ ಎರಡು ಬಾರಿ ಶಿಫ್ಟ್. ‘ಅಘನಾಶಿನಿ’ಗೆ ಮೂರು ಬಾರಿ. ‘ಅಂಕೋಲಾ’ಕ್ಕೂ ಮೂರು. ಇಂಗ್ಲಿಷಿನಲ್ಲಿ ವಾಕ್ಯದ ಮೊದಲಿಗೆ ಒಮ್ಮೆ ಶಿಫ್ಟ್ ಒತ್ತಿದರೆ ಮುಗಿಯಿತು. ನಮಗೆ ಪದಪದಕ್ಕೂ ಅದರ ಕೆಲಸ. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಕೀಲಿಮಣೆ ಬಳಸುವವರಿಗೆ ಒತ್ತಕ್ಷರ ಕೂಡಿಸುವ ಹಲಂತ ಡಿ ಕೀಲಿಯಲ್ಲಿದೆ, ಮಹಾಪ್ರಾಣಕ್ಕೆ ಶಿಫ್ಟ್ ಅಲ್ಲಿಯೂ ತಪ್ಪುವುದಿಲ್ಲ. ಎರಡರಲ್ಲೂ ಸಾಯುವುದು ಎಡಗೈ ಕಿರುಬೆರಳು.

ಹೀಗಾಗಿ ಕನ್ನಡದವರು ಕೀಬೋರ್ಡ್ ಪರೀಕ್ಷಿಸುವಾಗ ಮೊದಲು ಎಡ ಶಿಫ್ಟನ್ನು ನೋಡಬೇಕು. ಅದು ಉದ್ದನೆಯ ಕೀಲಿಯಾದ್ದರಿಂದ ಎರಡು ತುದಿಗಳನ್ನು ಒಟ್ಟಿಗೆ ಇಳಿಸಲು ಒಳಗೆ ಒಂದು ತಂತಿ ಇರುತ್ತದೆ. ಇದಕ್ಕೆ ಸ್ಟೆಬಿಲೈಸರ್ ಎಂದು ಹೆಸರು. ಸ್ಪೇಸ್‌ಬಾರ್, ಎಂಟರ್, ಬ್ಯಾಕ್‌ಸ್ಪೇಸ್‌ಗಳಿಗೂ ಇದು ಇರುತ್ತದೆ. ಅಗ್ಗದ ಕೀಬೋರ್ಡಿನಲ್ಲಿ ಮೊದಲು ಗಲಗಲ ಎನ್ನುವುದು ಈ ತಂತಿಯೇ. ಶಿಫ್ಟಿನ ಎಡತುದಿ, ನಡು, ಬಲತುದಿ ಮೂರು ಕಡೆ ಒತ್ತಿ ನೋಡಿ. ಎಲ್ಲಿ ಒತ್ತಿದರೂ ಒಂದೇ ಸಮ ಇಳಿದು ಮೇಲೆ ಬಂದರೆ ಸರಿ. ಒಂದು ಮೂಲೆಯಲ್ಲಿ ಸಿಕ್ಕಿಕೊಂಡರೆ ಆ ಕೀಬೋರ್ಡ್ ಬೇಡ.

ಕಿರುಬೆರಳು ನೋಯುವವರಿಗೆ ದುಡ್ಡಿಲ್ಲದ ಒಂದು ಉಪಾಯವಿದೆ. ಕ್ಯಾಪ್ಸ್‌ಲಾಕ್ ಕೀಲಿ ಕನ್ನಡಕ್ಕೆ ಬಹುತೇಕ ನಿರುಪಯೋಗಿ, ಆದರೂ ಒಳ್ಳೆಯ ಜಾಗದಲ್ಲಿ ಕೂತಿದೆ. ವಿಂಡೋಸ್‌ನಲ್ಲಿ ಪವರ್‌ಟಾಯ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು ಅದನ್ನೇ ಇನ್ನೊಂದು ಶಿಫ್ಟ್ ಆಗಿ ಮಾಡಿಕೊಳ್ಳಬಹುದು. ಕೀಲಿಗಳ ಕೆಲಸ ಬದಲಿಸಲು ಬಿಡುವ ಕ್ಯೂಎಂಕೆ ಅಥವಾ ವಿಯಾ ಸೌಲಭ್ಯವಿರುವ ಕೀಬೋರ್ಡಾದರೆ ಈ ಬದಲಾವಣೆ ಕೀಬೋರ್ಡಿನ ಒಳಗೇ ಉಳಿಯುತ್ತದೆ, ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೂ ಹಾಗೆಯೇ ಇರುತ್ತದೆ. ಕೈಗೆ ಅಭ್ಯಾಸವಾಗಲು ನನಗೆ ಹತ್ತು ದಿನ ಹಿಡಿಯಿತು. ಈಗ ಬೇರೆಯವರ ಕಂಪ್ಯೂಟರಿನಲ್ಲಿ ಕುಳಿತರೆ ‘ಕಾಳಿ’ ಹೋಗಿ ‘ಕಲಿ’ ಆಗುತ್ತಾಳೆ.

ಕನ್ನಡ ಅಕ್ಷರ ಅಚ್ಚಾದ ಕೀಲಿಟೊಪ್ಪಿಗೆ, ಅಂದರೆ ಸ್ವಿಚ್‌ನ ಮೇಲೆ ಕೂರುವ ಪ್ಲಾಸ್ಟಿಕ್ ಮುಚ್ಚಳ, ಹುಡುಕುತ್ತ ಕೂರಬೇಡಿ. ಕಗಪ ರೋಮನ್ ಅಕ್ಷರಗಳ ಉಚ್ಚಾರವನ್ನೇ ಬಹುಮಟ್ಟಿಗೆ ಅನುಸರಿಸುತ್ತದೆ.

ಎಷ್ಟು ಕೀಲಿ ಬೇಕು

ಪೂರ್ಣ ಕೀಬೋರ್ಡಿನಲ್ಲಿ 104 ಕೀಲಿಗಳು. ಬಲಗಡೆಯ ಅಂಕಿಗಳ ಗುಂಪನ್ನು ತೆಗೆದರೆ 87. ಇನ್ನೂ ಒತ್ತೊತ್ತಾಗಿ ಜೋಡಿಸಿದ, ಎಂಬತ್ತರ ಆಸುಪಾಸಿನ ಕೀಲಿಗಳದ್ದನ್ನು 75 ಪ್ರತಿಶತದ್ದು ಎನ್ನುತ್ತಾರೆ. ಕೊನೆಗೆ 61 ಕೀಲಿಗಳ ಪುಟಾಣಿ. ಸಂಘದ ಲೆಕ್ಕಪತ್ರ ಬರೆಯುವವರು, ಅಡಿಕೆ ಮಂಡಿಯ ಪಟ್ಟಿ ಮಾಡುವವರು ಅಂಕಿಗಳ ಗುಂಪನ್ನು ಬಿಡಬಾರದು. ಉಳಿದವರಿಗೆ 87 ಸಾಕು, ಜಾಗವೂ ಉಳಿಯುತ್ತದೆ. 61ರದ್ದರಲ್ಲಿ ಬಾಣದ ಗುರುತಿನ ಪ್ರತ್ಯೇಕ ಕೀಲಿಗಳೇ ಇರುವುದಿಲ್ಲ. ಕರಡು ತಿದ್ದುವ ಕೆಲಸದವರಿಗೆ ಅದು ಉಪ್ಪಿಲ್ಲದ ಊಟ. ನೋಡಲು ಮುದ್ದಾಗಿದೆ ಎಂದು ರಾಯಲ್ ಕ್ಲಡ್ಜ್‌ನ ಆರ್‌ಕೆ61 ತರಿಸಿಕೊಂಡ ನನ್ನ ಚಿಕ್ಕಪ್ಪನ ಮಗ ಈಗ ಅದನ್ನು ಮೊಬೈಲಿಗೆ ಜೋಡಿಸಿ ಬಳಸುತ್ತಾನೆ. ಅದಕ್ಕೆ ಅದು ಚೆನ್ನಾಗಿಯೇ ಇದೆ.

ದುಡ್ಡು ಎಲ್ಲಿ ಹಾಕಬೇಕು

ಎರಡರಿಂದ ಮೂರು ಸಾವಿರ ರೂಪಾಯಿ ಇಟ್ಟುಕೊಂಡರೆ ಆರಂಭಕ್ಕೆ ಸಾಕು. ಆ ಮೊತ್ತಕ್ಕೆ ಎಲ್ಲವೂ ಸಿಗುವುದಿಲ್ಲವಾದ್ದರಿಂದ ಯಾವುದನ್ನು ಬಿಡಬೇಕು ಎಂಬುದೇ ಮುಖ್ಯ.

ಬಿಡಬಾರದ್ದು ಹಾಟ್‌ಸ್ವಾಪ್. ಹಾಗೆಂದರೆ ಸ್ವಿಚ್‌ಗಳು ಬೆಸುಗೆಯಿಲ್ಲದೆ ಸಾಕೆಟ್ಟಿನಲ್ಲಿ ಕೂತಿರುತ್ತವೆ. ಒಂದು ಕೆಟ್ಟರೆ ಅದೊಂದನ್ನೇ ಕಿತ್ತು ಬೇರೆಯದನ್ನು ಹಾಕಬಹುದು. ಕೋಡಿಬಾಗದಲ್ಲಿ ನನ್ನ ಬಳಿ ಇಲ್ಲದೆ ಹೋದದ್ದು ಇದೇ. ಕೊಳ್ಳುವಾಗ ಎರಡು ವಿವರ ಓದಿಕೊಳ್ಳಿ. ಕೆಲವು ಅಗ್ಗದ ಬೋರ್ಡುಗಳ ಸಾಕೆಟ್ ಕಿರಿದು, ಅದಕ್ಕೆ ತೆಳುಗಾಲಿನ ಔಟೆಮು ಸ್ವಿಚ್ ಮಾತ್ರ ಹಿಡಿಸುತ್ತದೆ. ಎರಡನೆಯದು, ಬೋರ್ಡ್ ಮೂರು ಪಿನ್ನಿನದೋ ಐದರದೋ ಎಂಬುದು. ಐದು ಪಿನ್ನಿನ ಸ್ವಿಚ್‌ನಲ್ಲಿ ಹೆಚ್ಚುವರಿಯಾಗಿ ಇರುವುದು ಎರಡು ಪ್ಲಾಸ್ಟಿಕ್ ಕಾಲು ಮಾತ್ರ. ಮೂರರ ಬೋರ್ಡಿಗೆ ಹಾಕಬೇಕಾದರೆ ಉಗುರು ಕತ್ತರಿಯಿಂದ ಅವನ್ನು ಕತ್ತರಿಸಿದರಾಯಿತು.

ಬಿಡಬಾರದ ಇನ್ನೊಂದು, ಕೀಬೋರ್ಡಿನಿಂದ ಬಿಚ್ಚಲು ಬರುವ ಟೈಪ್-ಸಿ ತಂತಿ. ಇಲಿ ಕಡಿದರೆ ತಂತಿ ಬದಲಿಸಿದರೆ ಮುಗಿಯಿತು.

ಕೀಲಿಟೊಪ್ಪಿಗೆಗಳು ಪಿಬಿಟಿ ಪ್ಲಾಸ್ಟಿಕ್ಕಿನದಾದರೆ ಒಳ್ಳೆಯದು. ಎಬಿಎಸ್ ಎಂಬ ಇನ್ನೊಂದು ಪ್ಲಾಸ್ಟಿಕ್ಕಿನವು ಬೇಗ ಎಣ್ಣೆ ಹಚ್ಚಿದಂತೆ ಹೊಳೆಯತೊಡಗುತ್ತವೆ; ನಮ್ಮಲ್ಲಿ ಮೊದಲು ಹೊಳೆಯುವುದು ಎಫ್. ಆದರೆ ಇದಕ್ಕಾಗಿ ಆರಂಭದಲ್ಲೇ ಹೆಚ್ಚು ಕೊಡಬೇಕಾಗಿಲ್ಲ, ಮುಂದೆ ಬದಲಿಸಿಕೊಳ್ಳಬಹುದು.

ನಿರ್ದಾಕ್ಷಿಣ್ಯವಾಗಿ ಬಿಡಬೇಕಾದವು ದೀಪ ಮತ್ತು ನಿಸ್ತಂತು ಸೌಲಭ್ಯ. ಮಳೆಗಾಲದಲ್ಲಿ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಕೆಲಸ ನಡೆದಿರುವಾಗ ಕೀಬೋರ್ಡಿನ ಕಾಮನಬಿಲ್ಲೂ ಅದೇ ಬ್ಯಾಟರಿಯನ್ನು ಕುಡಿಯುತ್ತದೆ. ನಿಸ್ತಂತು ಕೀಬೋರ್ಡಿನಲ್ಲಿ ವರ್ಷಗಳು ಕಳೆದಂತೆ ಸೊರಗುವ ಇನ್ನೊಂದು ಬ್ಯಾಟರಿ ಬೇರೆ. ಮೇಜಿನ ಮೇಲೆ ಇಟ್ಟಲ್ಲೇ ಇರುವ ವಸ್ತುವಿಗೆ ತಂತಿಯ ಬಗ್ಗೆ ಇಷ್ಟೊಂದು ವೈರಾಗ್ಯ ಏಕೆಂದು ನನಗೆ ಇನ್ನೂ ಅರ್ಥವಾಗಿಲ್ಲ.

ಪೊಟ್ಟಣ ಬಂದ ದಿನ

ಬಿಚ್ಚುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಅಂದೇ ಕುಳಿತು ಎಲ್ಲ ಕೀಲಿಗಳನ್ನೂ ಪರೀಕ್ಷಿಸಬೇಕು, ಹಿಂದಿರುಗಿಸುವ ಅವಧಿ ಕೆಲವೇ ದಿನಗಳದ್ದಾಗಿರುತ್ತದೆ. ನೋಟ್‌ಪ್ಯಾಡ್ ತೆರೆದು ಪ್ರತಿ ಕೀಲಿಯನ್ನೂ ಹತ್ತು ಬಾರಿ ನಿಧಾನವಾಗಿ, ಹತ್ತು ಬಾರಿ ವೇಗವಾಗಿ ಒತ್ತಿ ಅಕ್ಷರಗಳನ್ನು ಎಣಿಸಿ. ಹತ್ತಕ್ಕೆ ಹನ್ನೊಂದು ಬಿದ್ದರೆ ಆ ಸ್ವಿಚ್‌ನಲ್ಲಿ ದೋಷವಿದೆ. ಬಳಿಕ ಕನ್ನಡಕ್ಕೆ ಬದಲಿಸಿ ಒತ್ತಕ್ಷರ, ಮಹಾಪ್ರಾಣ ಧಾರಾಳವಾಗಿರುವ ಒಂದು ಪುಟ ಹೊಡೆಯಿರಿ. ನಾನು ಯಾವುದಾದರೂ ಹಳೆಯ ಕ್ರಯಪತ್ರ ತೆಗೆದುಕೊಳ್ಳುತ್ತೇನೆ. ಅಂಥ ಸಂಸ್ಕೃತಭೂಯಿಷ್ಠ ಭಾಷೆ ಇನ್ನೆಲ್ಲೂ ಸಿಗುವುದಿಲ್ಲ.

ಒಂದು ಸ್ವಿಚ್ ಬದಲಿಸುವುದನ್ನು ಆಗಲೇ ಕಲಿತುಕೊಳ್ಳಿ. ತಂತಿ ಕಳಚಿ. ಜೊತೆಗೆ ಬಂದ ಚಿಮುಟದಿಂದ ಕೀಲಿಟೊಪ್ಪಿಗೆಯನ್ನು ನೇರ ಮೇಲಕ್ಕೆ ಎಳೆಯಿರಿ. ಸ್ವಿಚ್‌ನ ಮೇಲಂಚಿನಲ್ಲಿ ಒಂದು, ಕೆಳಅಂಚಿನಲ್ಲಿ ಒಂದು ಸಣ್ಣ ಕೊಂಡಿ ಇದೆ. ಎರಡನ್ನೂ ಒಟ್ಟಿಗೆ ಅದುಮಿ, ಅಲುಗಿಸದೆ ಎತ್ತಿ. ಹೊಸದನ್ನು ಹಾಕುವ ಮೊದಲು ಅದರ ತಾಮ್ರಬಣ್ಣದ ಎರಡು ಕಾಲುಗಳು ನೆಟ್ಟಗಿವೆಯೇ ಎಂದು ನೋಡಲೇಬೇಕು. ಬಾಗಿದ ಕಾಲಿನೊಂದಿಗೆ ಒತ್ತಿದರೆ ಅದು ಸ್ವಿಚ್ಚಿನ ಕೆಳಗೇ ಮಡಚಿ ಮಲಗಿಬಿಡುತ್ತದೆ, ಕೀಲಿ ಸತ್ತಂತೆ ಕಾಣುತ್ತದೆ. ಎಷ್ಟೋ ಜನ ‘ಬೋರ್ಡೇ ಹೋಯಿತು’ ಎಂದು ತಂದದ್ದು ಇಷ್ಟೇ ಆಗಿರುತ್ತದೆ. ಹುಬ್ಬು ಕೀಳುವ ಚಿಮುಟದಿಂದ ಕಾಲು ನೆಟ್ಟಗೆ ಮಾಡಿದರೆ ಸರಿಹೋಗುತ್ತದೆ. ಒತ್ತುವಾಗ ಬಲಪ್ರಯೋಗ ಬೇಡ. ಬಿಗಿಯೆನಿಸಿದರೆ ತೆಗೆದು ಮತ್ತೆ ನೋಡಿ; ಅಡಿಯ ಸಾಕೆಟ್ ಒಮ್ಮೆ ಕಿತ್ತು ಬಂದರೆ ಮತ್ತೆ ಬೆಸುಗೆಯೇ ಗತಿ.

ಕಿಲುಬು, ತುಕ್ಕು, ಕೊಬ್ಬರಿ ಎಣ್ಣೆ

ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಸ್ವಿಚ್‌ನ ಲೋಹದ ಎಲೆಗಳ ಮೇಲೆ ತೇವ, ಉಪ್ಪು ಕೂತು ಕಿಲುಬು ಕಟ್ಟಿದರೆ ಅವು ಒಮ್ಮೆಗೇ ಸರಿಯಾಗಿ ತಾಗುವುದಿಲ್ಲ. ತಾಗಿ, ಬಿಟ್ಟು, ಮತ್ತೆ ತಾಗುತ್ತವೆ. ಕಂಪ್ಯೂಟರಿಗೆ ಅದು ಎರಡು ಒತ್ತು. ‘ಅರ್ಜಿದಾರರರು’ ಹುಟ್ಟುವುದು ಹಾಗೆ.

ಇದಕ್ಕೆ ಮದ್ದು ಕಿಟಕಿಯಿಂದ ಆರಂಭವಾಗುತ್ತದೆ. ಸಮುದ್ರದ ಗಾಳಿ ನೇರವಾಗಿ ಬೀಳುವಲ್ಲಿ ಮೇಜು ಬೇಡ. ಕೆಲಸ ಮುಗಿದ ಮೇಲೆ ಬಟ್ಟೆ ಹೊದಿಸಿದರೆ ಧೂಳಿಗೆ ಸರಿ, ತೇವಕ್ಕೆ ಅಲ್ಲ. ಬಟ್ಟೆಯೇ ತೇವ ಹೀರಿ ಕೂರುತ್ತದೆ. ನಾಲ್ಕು ದಿನ ಊರಿಗೆ ಹೋಗುವುದಿದ್ದರೆ ಕೀಬೋರ್ಡನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಪೊಟ್ಟಣಗಳಿಗೂ ಹೀರುವ ಮಿತಿ ಇದೆ, ಪ್ರತಿ ಮಳೆಗಾಲಕ್ಕೆ ಹೊಸತು ಹಾಕಿ. ಅದೇ ಡಬ್ಬಿಯಲ್ಲಿ ಒಂದು ಹಲಸಿನ ಹಪ್ಪಳ ಇಟ್ಟಿದ್ದೆ ಒಮ್ಮೆ; ಮರಳಿ ಬಂದಾಗ ಅದು ಗರಿಗರಿಯಾಗಿಯೇ ಇದ್ದರೆ ಒಳಗೆ ಒಣಗಿದೆ ಎಂದರ್ಥ. ಇದ್ದಿತ್ತು.

ಕೀಲಿ ಎರಡೆರಡು ಅಕ್ಷರ ಬೀಳಿಸತೊಡಗಿದರೆ ಸ್ವಿಚ್ ಹೊರತೆಗೆದು, ಗೂಟದ ಸಂದಿಯಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್‌ನ ಒಂದೆರಡು ಹನಿ ಬಿಟ್ಟು ಐವತ್ತು ಬಾರಿ ಒತ್ತಿ, ಪೂರ್ತಿ ಆರಿದ ಮೇಲೆ ಮರಳಿ ಹಾಕಿ. ಬಹಳಷ್ಟು ಸಲ ಇಷ್ಟಕ್ಕೇ ಸುಧಾರಿಸುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಮಾತ್ರ ಬಳಸಬೇಡಿ, ಅದರಲ್ಲಿ ಗ್ಲಿಸರಿನ್ ಬೆರೆತಿರುವುದರಿಂದ ಅಂಟು ಉಳಿಯುತ್ತದೆ. ಸುಧಾರಿಸದಿದ್ದರೆ ಸ್ವಿಚ್ ಬದಲಿಸಿ. ಬಿಡಿ ಸ್ವಿಚ್ ಇಲ್ಲದಿದ್ದರೆ ನೀವು ಎಂದೂ ಒತ್ತದ ಸ್ಕ್ರಾಲ್‌ಲಾಕ್‌ನದನ್ನು ಕಿತ್ತು ಎಫ್‌ಗೆ ಹಾಕಿಕೊಳ್ಳಿ.

ಸ್ಟೆಬಿಲೈಸರ್ ತಂತಿಯ ಗಲಗಲಕ್ಕೆ ಡೈಎಲೆಕ್ಟ್ರಿಕ್ ಗ್ರೀಸ್ ಎಂಬ ಸಿಲಿಕೋನ್ ಗ್ರೀಸನ್ನು ತಂತಿಯ ತುದಿಗಳಿಗೆ ತುಸು ಹಚ್ಚಿದರೆ ಸಾಕು. ನಾನು ಮೊದಲ ಸಲ ಜಿಪುಣತನ ಮಾಡಿ ಕೊಬ್ಬರಿ ಎಣ್ಣೆ ಹಚ್ಚಿದ್ದೆ. ಅಕ್ಟೋಬರಿನಲ್ಲಿ ಬೆಣ್ಣೆಯಂತೆ ಇಳಿಯುತ್ತಿತ್ತು ಸ್ಪೇಸ್‌ಬಾರ್. ಡಿಸೆಂಬರಿನ ಒಂದು ಬೆಳಿಗ್ಗೆ ಒತ್ತಿದರೆ ಇಳಿದದ್ದು ಮೇಲೆ ಬರಲೊಲ್ಲದು. ಶಿರಸಿಯ ಚಳಿಗೆ ಬಚ್ಚಲಿನ ಬಾಟಲಿಯಲ್ಲಿ ಎಣ್ಣೆ ಹೆಪ್ಪುಗಟ್ಟುವುದನ್ನು ಹುಟ್ಟಿದಾಗಿನಿಂದ ನೋಡಿದ್ದರೂ ಕೀಬೋರ್ಡಿನಲ್ಲಿ ಅದೇ ಆಗುತ್ತದೆಂದು ಹೊಳೆದಿರಲಿಲ್ಲ. ತಂತಿ ಬಿಚ್ಚಿ, ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ ಕೂರಿಸಲು ಅರ್ಧ ದಿನ ಹಿಡಿಯಿತು.

ಸದ್ದು ತಗ್ಗಿಸಲು ಕವಚದೊಳಗೆ ಸ್ಪಂಜು ತುಂಬುವವರಿದ್ದಾರೆ. ಕರಾವಳಿಯಲ್ಲಿ ಇದು ಬೇಡ, ನೀರು ಹೀರುವ ಸ್ಪಂಜು ಬೋರ್ಡಿನ ಬೆನ್ನಿಗೇ ಅಂಟಿ ಕೂರುತ್ತದೆ. ತುಂಬಲೇಬೇಕೆಂದರೆ ಟಿವಿ ಪೆಟ್ಟಿಗೆಯಲ್ಲಿ ಬರುವಂಥ, ನೀರು ಹೀರದ ಬಿಳಿ ಫೋಮ್ ಹಾಳೆ ಹಾಕಿ. ಅದಕ್ಕೆ ಮುಂಚೆ ಕವಚ ತೆರೆದರೆ ವಾರಂಟಿ ಉಳಿಯುತ್ತದೆಯೇ ಎಂದು ಓದಿಕೊಳ್ಳಿ.

ಎರಡು ತಿಂಗಳಿಗೊಮ್ಮೆ ಕೀಲಿಟೊಪ್ಪಿಗೆಗಳನ್ನೆಲ್ಲ ತೆಗೆದು ಉಗುರು ಬೆಚ್ಚಗಿನ ಸೋಪಿನ ನೀರಿನಲ್ಲಿ ಅದ್ದಿಡಿ. ತೆಗೆಯುವ ಮೊದಲು ಫೋಟೊ ಹೊಡೆದುಕೊಂಡರೆ ಮರಳಿ ಜೋಡಿಸುವಾಗ ಪರದಾಟವಿಲ್ಲ. ಆ ಹೊತ್ತಿನಲ್ಲಿ ಬೋರ್ಡನ್ನು ತಲೆಕೆಳಗು ಮಾಡಿ ಬ್ರಷ್‌ನಿಂದ ಉಜ್ಜಿದರೆ ಅವಲಕ್ಕಿ, ಕೂದಲು, ಮಳೆಹುಳದ ರೆಕ್ಕೆ ಎಲ್ಲ ಉದುರುತ್ತವೆ. ಸ್ಕ್ರೂಗಳ ತಲೆಯಲ್ಲೂ ಉಕ್ಕಿನ ತಗಡಿನ ಅಂಚಿನಲ್ಲೂ ಕೆಂಪು ಚುಕ್ಕೆ ಕಂಡರೆ ತುಕ್ಕು ಶುರುವಾಗಿದೆ. ಒಣಬಟ್ಟೆಯಿಂದ ಆಗಲೇ ಒರೆಸಿ. ಟೊಪ್ಪಿಗೆಗಳ ಟೊಳ್ಳಿನಲ್ಲಿ ನೀರು ನಿಲ್ಲುವುದರಿಂದ ಬೇಸಿಗೆಯಲ್ಲಿ ಒಂದು ದಿನ, ಆಷಾಢದಲ್ಲಿ ಮೂರು ದಿನ ಫ್ಯಾನಿನ ಕೆಳಗೆ ಬಾಯಿ ಮೇಲಾಗಿ ಹರಡಿಡಿ. ಬೇಗ ಒಣಗಲೆಂದು ಅಡಿಕೆಯಂತೆ ಹೊಗೆ ಅಟ್ಟಕ್ಕೆ ಮಾತ್ರ ಏರಿಸಬೇಡಿ. ನಮ್ಮ ಮನೆಯಲ್ಲಿ ಒಬ್ಬರು ಏರಿಸಿದ್ದರು. ಬಿಳಿ ಟೊಪ್ಪಿಗೆಗಳು ಚಹಾದ ಬಣ್ಣಕ್ಕೆ ತಿರುಗಿವೆ, ಬೆರಳಿಗೆ ಈಗಲೂ ಹೊಗೆಯ ವಾಸನೆ ಬರುತ್ತದೆ.